ಗಂಗಾಬಾಯಿ ಮಾಡಿದ ಕರಿ ಕೇಕು

ಹೊಸಪೇಟೆಯ ಗಂಗಾಬಾಯಿಗೆ ಹೆದರಲು ಕಾರಣವೇ ಬೇಕಿರಲಿಲ್ಲ. ರೈಲಿನ ಸಿಳ್ಳು ಕೇಳಿದರೆ ಹೆದರುತ್ತಿದ್ದಳು, ಪೋಲೀಸಿನವನ ರುಮಾಲು ಕಂಡರೆ ಹೆದರುತ್ತಿದ್ದಳು. ಟಪಾಲಿನವನು ಬಾಗಿಲಿಗೆ ಬಂದರೆ ಯಾರೋ ತೀರಿಕೊಂಡರೆಂದೇ ತಿಳಿದು, ಕಾಗದ ಒಡೆಯುವ ಮೊದಲೇ ಅರ್ಧ ಅತ್ತು ಮುಗಿಸುತ್ತಿದ್ದಳು. ಮದುವೆಯಾಗಿ ಹದಿನಾರು ವರ್ಷವಾದರೂ ಒಬ್ಬಳೇ ಪೇಟೆ ದಾಟಿ ಹೋದವಳಲ್ಲ. ಆದರೆ ಒಲೆಯ ಮುಂದೆ ಕೂತಾಗ ಆಕೆಯೇ ಬೇರೆ. ಹಬ್ಬದ ದಿನ ಐವತ್ತು ಎಲೆಗೆ ಒಬ್ಬಳೇ ಬೇಯಿಸಿ ಹಾಕುತ್ತಿದ್ದಳು. ಉಪ್ಪು ಹೆಚ್ಚಾಯಿತೆಂದು ಯಾರಾದರೂ ಮುಖ ಹುಳ್ಳಗೆ ಮಾಡಿದರೆ ತನ್ನ ಕೈಯನ್ನಲ್ಲ, ಅವರ ನಾಲಿಗೆಯನ್ನೇ ಸಂಶಯಪಡುತ್ತಿದ್ದಳು. ಅವಳ ಬಾಳಿನಲ್ಲಿ ಇದ್ದ ಧೈರ್ಯ ಅದೊಂದೇ.

ಗಂಡ ವೆಂಕೋಬರಾಯ, ಸಂಡೂರಿನ ಗುಡ್ಡದಿಂದ ಮ್ಯಾಂಗನೀಸ್ ಅದಿರು ತಂದು ರೈಲಿಗೆ ತುಂಬಿಸುವ ಒಂದು ಕಂಪನಿಯಲ್ಲಿ ಗುಮಾಸ್ತ. ಇಂಗ್ಲಿಷ್ ಚೆನ್ನಾಗಿ ಬಲ್ಲವನು. ಕೂಲಿಯವರ ಮಾತು ಕಂಪನಿಯ ದೊರೆಗೆ, ದೊರೆಯ ಮಾತು ಕೂಲಿಯವರಿಗೆ ದಾಟುವುದು ಅವನ ಬಾಯಿಯಿಂದಲೇ. ಆ ದೊರೆ ಅಮೆರಿಕದವನು. ಊರ ಹೊರಗೆ ಸಂಡೂರಿನ ರಸ್ತೆಯಲ್ಲಿ ಅವನ ಬಂಗಲೆ. ಅದರಲ್ಲಿ ದೊರೆಸಾನಿ, ಮತ್ತು ಆರು ತುಂಬಲಿದ್ದ ಒಬ್ಬಳೇ ಮಗಳು.

ಆ ವರ್ಷ, ಎಂದರೆ ಸಾವಿರದ ಒಂಬೈನೂರ ಮೂವತ್ತಾರರಲ್ಲಿ, ಸಂಕ್ರಾಂತಿಗೆ ವೆಂಕೋಬರಾಯ ದೊರೆಯ ಮನೆಗೆ ಗಂಗಾಬಾಯಿ ಮಾಡಿದ ಶೇಂಗಾ ಹೋಳಿಗೆ ಕೊಂಡೊಯ್ದ. ಒಂದು ತುಂಡು ಬಾಯಿಗಿಟ್ಟದ್ದೇ ದೊರೆಸಾನಿಯ ಕಣ್ಣಲ್ಲಿ ನೀರು ಬಂತಂತೆ. ಅವಳ ದೇಶದಲ್ಲಿ ಶೇಂಗಾವನ್ನು ಬೆಣ್ಣೆಯ ಹಾಗೆ ನುಣ್ಣಗೆ ಅರೆದು, ಎರಡು ಕರಿ ಕೇಕಿನ ನಡುವೆ ಬಳಿಯುತ್ತಾರಂತೆ. ಚಿಕ್ಕಂದಿನಲ್ಲಿ ಅವಳ ತಾಯಿ ಪ್ರತಿ ಹುಟ್ಟುಹಬ್ಬಕ್ಕೂ ಅದನ್ನೇ ಮಾಡುತ್ತಿದ್ದಳಂತೆ. ಈಗ ಮಗಳ ಹುಟ್ಟುಹಬ್ಬ ಹತ್ತಿರ ಬಂದಿದೆ, ಅಡುಗೆಯ ಬಟ್ಲರ್ ನೋಡಿದರೆ ತಮ್ಮನ ಮದುವೆಗೆಂದು ಮದರಾಸಿಗೆ ಹೋಗಿದ್ದಾನೆ. ಈ ಹೋಳಿಗೆ ಮಾಡಿದ ಕೈ ಅದನ್ನೂ ಮಾಡೀತೇ ಎಂದು ದೊರೆಸಾನಿ ಕೇಳಿದಳು. ವೆಂಕೋಬರಾಯ ಆಗಲಿ ಎಂದುಬಿಟ್ಟ. ಹೂಂ ಅನ್ನುವುದಕ್ಕೆ ಗಂಡಸರಿಗೇನು ಖರ್ಚು, ಒಲೆಯ ಮುಂದೆ ಬೇಯುವವರು ಬೇರೆ.

ಅವನು ಒಂದು ಕೋಕೋ ಡಬ್ಬಿಯನ್ನೂ, ಮಾಡುವ ಕ್ರಮವನ್ನು ಕನ್ನಡದಲ್ಲಿ ಬರೆದುಕೊಂಡ ಚೀಟಿಯನ್ನೂ ತಂದು ಹೆಂಡತಿಯ ಮುಂದಿಟ್ಟ. ಓದುತ್ತ ಹೋದವನು ನಾಲ್ಕು ತತ್ತಿ ಎಂಬಲ್ಲಿಗೆ ಬಂದಾಗ ದನಿ ಇಳಿಸಿದ.

"ತತ್ತಿ ಈ ಮನಿಯೊಳಗ ಬರಂಗಿಲ್ಲ, ಹೇಳಿರ್ತೀನಿ ನೋಡ್ರಿ," ಎಂದಳು ಗಂಗಾಬಾಯಿ.

"ಮತ್ತ ಉಬ್ಬೂದು ಹ್ಯಾಂಗ?"

"ಹುಳಿ ಮೊಸರು ಹಾಕ್ತೀನಿ, ಸೋಡಾ ಹಾಕ್ತೀನಿ. ಉಬ್ಬದ ಎಲ್ಲಿ ಹೋಗ್ತದ?"

ಅಡುಗೆಯ ಮಾತಿಗೆ ಬಂದಾಗ ಅವಳ ದನಿಯಲ್ಲಿ ಅಂಜಿಕೆ ಇರುತ್ತಿರಲಿಲ್ಲ. ತತ್ತಿ ಇಲ್ಲದಿದ್ದರೂ ನಡೆದೀತು ಎಂದು ದೊರೆಸಾನಿಯೂ ಒಪ್ಪಿದಳು.

ಹುಟ್ಟುಹಬ್ಬದ ಹಿಂದಿನ ಸಂಜೆ ಗಂಗಾಬಾಯಿ ಕೆಲಸಕ್ಕೆ ಕೂತಳು. ಎರಡು ಕೇಕೂ ಒಂದೇ ಅಳತೆಗೆ ಬರಬೇಕಲ್ಲ, ಅದಕ್ಕೆ ತವರಿನಿಂದ ಬಂದ ಜೋಡಿ ಹಿತ್ತಾಳೆ ಬೋಗುಣಿಗಳನ್ನು ಅಟ್ಟದಿಂದ ಇಳಿಸಿದಳು. ತಳ ಚಪ್ಪಟೆ, ಅಂಚು ನೆಟ್ಟಗೆ. ಒಳಗಿನ ಕಲಾಯಿ, ಆ ತವರದ ಲೇಪ, ಸವೆದುಹೋಗಿ ವರ್ಷಗಳೇ ಆಗಿದ್ದವು, ಅದು ಅವಳಿಗೂ ಗೊತ್ತಿತ್ತು. ಆದರೆ ಹುಳಿ ಪದಾರ್ಥಕ್ಕೆ ಕಲಾಯಿ ಬೇಕು, ಸಿಹಿಗೆ ಬೇಕಿಲ್ಲ ಎನ್ನುವುದು ಎಲ್ಲ ಮನೆಯ ಹೆಂಗಸರೂ ಬಲ್ಲ ಮಾತು. ಪಾಕವನ್ನೂ ಪಾಯಸವನ್ನೂ ಅವಳು ಬರಿಯ ಹಿತ್ತಾಳೆಯಲ್ಲೇ ಮಾಡುತ್ತ ಬಂದವಳು. ಕೇಕು ಸಿಹಿ ತಿಂಡಿ ತಾನೆ? ಬೋಗುಣಿಗಳನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ, ತುಪ್ಪ ಸವರಿ, ಅವುಗಳಲ್ಲೇ ಮೈದಾ, ಸಕ್ಕರೆ, ಬೆಣ್ಣೆ, ಕೋಕೋ ಎಲ್ಲವನ್ನೂ ಮೂರು ದಿನದ ಹುಳಿ ಮೊಸರಿನಲ್ಲಿ ಕಲಸಿದಳು. ಇಡ್ಲಿಯ ಹಿಟ್ಟಿನ ಹಾಗೆ ಇದೂ ರಾತ್ರಿಯೆಲ್ಲ ನೆನೆದು ಹುದುಗಿದರೆ ಚೆನ್ನಾಗಿ ಉಬ್ಬುತ್ತದೆಂದು ತಟ್ಟೆ ಮುಚ್ಚಿಟ್ಟು ಮಲಗಿದಳು. ಚೀಟಿಯಲ್ಲಿ ಹಾಗೇನೂ ಬರೆದಿರಲಿಲ್ಲ. ಬರೆದವರಿಗೆ ಹಿಟ್ಟಿನ ಮರ್ಮ ಗೊತ್ತಿಲ್ಲವೆಂದು ಅವಳ ತೀರ್ಮಾನ.

ಬೆಳಿಗ್ಗೆ ಸೋಡಾ ಬೆರೆಸಿ, ಕಬ್ಬಿಣದ ಬಾಣಲೆಯಲ್ಲಿ ಮರಳು ಕಾಯಿಸಿ, ಅದರ ಮೇಲೆ ಬೋಗುಣಿ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿದಳು. ಒಂದಾದ ಮೇಲೆ ಒಂದು, ಎರಡು ಕೇಕೂ ಉಬ್ಬಿ ಬಂದವು. ಹುರಿದ ಶೇಂಗಾವನ್ನು ಸಿಪ್ಪೆ ಕೇರಿ, ಎಣ್ಣೆ ಬಿಡುವ ತನಕ ಒರಳಲ್ಲಿ ಅರೆದು, ಬೆಣ್ಣೆ ಸಕ್ಕರೆ ಕೂಡಿಸಿ ನಡುವೆ ದಪ್ಪಗೆ ಬಳಿದಳು, ಮೇಲೂ ಬಳಿದಳು. ರುಚಿ ಮಾತ್ರ ನೋಡಲಿಲ್ಲ. ಆ ಕೋಕೋ ಪುಡಿಯನ್ನು ಯಾವ ದೇಶದಲ್ಲಿ ಯಾರು ಕುಟ್ಟಿದ್ದೋ, ಏನು ಬೆರೆಸಿದ್ದೋ! ಕೇಕು ಕಟ್ಟಿಕೊಟ್ಟು, ಮೈಲಿಗೆ ಕಳೆಯಲು ತಲೆಗೆ ನೀರು ಹಾಕಿಕೊಂಡಳು. ಹನ್ನೆರಡಕ್ಕೆ ವೆಂಕೋಬರಾಯ ಜಟಕಾದಲ್ಲಿ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಹೊರಟ. ಸಂಜೆ ನಾಲ್ಕಕ್ಕೆ ಕೊಯ್ಯುವುದು.

ಮೂರು ಗಂಟೆ ಹೊಡೆದ ಮೇಲೆ ಪಾತ್ರೆ ತಿಕ್ಕುವ ಜಂಬಕ್ಕ ಬಂದಳು. ಹಿತ್ತಲಿನಿಂದ ಅವಳ ದನಿ ಕೇಳಿತು.

"ಅಮ್ಮಾರ, ಈ ಬೋಗುಣ್ಯಾಗ ಏನ್ ಹುಳಿ ಮಾಡಿದ್ರಿ? ಅಂಚಿಗೆಲ್ಲ ಹಸರು ಕಟ್ಟೈತಿ."

ಗಂಗಾಬಾಯಿ ಹೊರಗೆ ಬಂದು ನೋಡಿದಳು. ಕರಿ ಹಿಟ್ಟು ಒಣಗಿ ಅಂಟಿದ್ದ ಅಂಚಿನ ಕೆಳಗೆ, ನವಿಲಿನ ಕತ್ತಿನ ಬಣ್ಣದಲ್ಲಿ ಕಿಲುಬು. ಎರಡು ಬೋಗುಣಿಗಳಲ್ಲೂ. ಸಿಹಿ, ಸಿಹಿ ಎಂದುಕೊಂಡು ಕೂತಿದ್ದಳು, ತತ್ತಿಯ ಬದಲಿಗೆ ಹುಳಿ ಮೊಸರು ಸುರಿದವಳು ತಾನೇ. ಅದನ್ನೂ ಒಂದು ರಾತ್ರಿಯಿಡೀ ಬರಿಯ ಹಿತ್ತಾಳೆಯಲ್ಲಿ ಇಟ್ಟಿದ್ದಳು. ಬೆಳ್ಳಗಿನ ಪದಾರ್ಥವಾಗಿದ್ದರೆ ಹಸಿರು ಕಣ್ಣಿಗೆ ಹೊಡೆಯುತ್ತಿತ್ತು, ಈ ಹಾಳು ಕೋಕೋದ ಕಪ್ಪಿನಲ್ಲಿ ಏನು ತಾನೆ ಕಂಡೀತು?

ಕಂಪ್ಲಿಯಲ್ಲಿ ಅವಳ ಸೋದರತ್ತೆಯ ಮನೆಯ ಮುಂಜಿಯಲ್ಲಿ, ಕಲಾಯಿ ಹೋದ ಹಂಡೆಯಲ್ಲಿಟ್ಟ ಮಜ್ಜಿಗೆ ಕುಡಿದು ಹನ್ನೊಂದು ಜನ ವಾಂತಿ ಮಾಡಿಕೊಂಡಿದ್ದರು. ದೊಡ್ಡವರೆಲ್ಲ ಉಳಿದರು, ಐದು ವರ್ಷದ ಒಂದು ಹುಡುಗಿ ಉಳಿಯಲಿಲ್ಲ. ಆ ಹುಡುಗಿಯ ಮೈ ಸೆಟೆದದ್ದನ್ನು ಗಂಗಾಬಾಯಿ ಕಣ್ಣಾರೆ ಕಂಡಿದ್ದಳು.

"ಹಾಂಗ್ಯಾಕ ನಿಂತ್ರಿ ಅಮ್ಮಾರ? ಕುಂದ್ರಿ, ನೀರು ಕೊಡ್ತೀನಿ," ಎಂದಳು ಜಂಬಕ್ಕ.

ಗಂಗಾಬಾಯಿ ಕೂರಲಿಲ್ಲ. ಸೆರಗು ಹೊದ್ದು ಬೀದಿಗಿಳಿದಳು. ಪೇಟೆಯ ಜನ ತನ್ನನ್ನೇ ನೋಡುತ್ತಿದ್ದಾರೆ ಅನಿಸಿತು, ನೋಡುತ್ತಲೂ ಇದ್ದರು. ಊರು ದಾಟಿದ ಮೇಲೆ ಅದಿರಿನ ಗಾಡಿಗಳು ಎದುರಾದವು, ಕೆಂಧೂಳು ಮುಖಕ್ಕೆ ಹೊಡೆಯಿತು. ಹಂಪಿಯ ಯಂತ್ರೋದ್ಧಾರಕ ಪ್ರಾಣದೇವರಿಗೆ ಮೊದಲು ಹನ್ನೊಂದು ಪ್ರದಕ್ಷಿಣೆ ಹರಕೆ ಹೊತ್ತಳು. ಅರ್ಧ ದಾರಿಗೆ ಬರುವಷ್ಟರಲ್ಲಿ ಅದು ನೂರೆಂಟಕ್ಕೆ ಏರಿತ್ತು. ಒಂದು ಮೈಲಿ ದಾರಿಯಲ್ಲಿ ಅವಳಿಗೆ ಕಂಡದ್ದೆಲ್ಲ ಒಂದೇ, ಸೆಟೆದು ಮಲಗಿದ ಮಗು. ಒಮ್ಮೆ ಕಂಪ್ಲಿಯ ಹುಡುಗಿ, ಒಮ್ಮೆ ತಾನು ಎಂದೂ ನೋಡದ ದೊರೆಯ ಮಗಳು.

ಬಂಗಲೆಯ ಜಗಲಿಯಲ್ಲಿ ಏಳೆಂಟು ಜನ ಬಿಳಿಯರು ನಿಂತಿದ್ದರು. ನಡುವೆ ಮೇಜು, ಮೇಜಿನ ಮೇಲೆ ಕೇಕು. ಇನ್ನೂ ಕೊಯ್ದಿರಲಿಲ್ಲ. ಹಳದಿ ಕೂದಲಿನ ಹುಡುಗಿ ಕುರ್ಚಿಯ ಮೇಲೆ ಹತ್ತಿ ನಿಂತು ಕೇಕಿನ ಮೇಲಿನ ಶೇಂಗಾವನ್ನು ಬೆರಳಲ್ಲಿ ಮುಟ್ಟಲು ಹೋಗುತ್ತಿದ್ದಳು. ವೆಂಕೋಬರಾಯ ಒಂದು ಕಂಬದ ಹತ್ತಿರ ಕೈಕಟ್ಟಿ ನಿಂತಿದ್ದ. ಧೂಳು ಹಿಡಿದ ಹೆಂಡತಿಯನ್ನು ಕಂಡು ಗಾಬರಿಯಿಂದ ಮೆಟ್ಟಿಲಿಳಿದು ಬಂದ.

"ತಿನ್ನಬ್ಯಾಡ್ರಿ ಅಂತ ಹೇಳ್ರಿ," ಎಂದಳು ಗಂಗಾಬಾಯಿ, ಉಸಿರು ಹಿಡಿಯುತ್ತ. "ಕಿಲುಬು ಇಳದದ. ಬೋಗುಣಿಗೆ ಕಲಾಯಿ ಇಲ್ಲ. ವಿಷ ಆಗ್ಯದ ಅಂತ ಹೇಳ್ರಿ ಅವರಿಗೆ."

ವೆಂಕೋಬರಾಯನ ಮುಖ ಬಿಳಿಚಿತು. "ಹುಚ್ಚು ಹಿಡದದ ಏನು ನಿನಗ? ವಿಷ ಅಂದ್ರ ನೌಕರಿ ಒಂದ ಹೋಗಂಗಿಲ್ಲ, ಜೇಲಿಗೆ ಹಾಕ್ತಾರ. ನೀ ಹಗ್ಗ ಕಂಡ್ರೂ ಹಾವು ಅನ್ನಾಕಿ."

"ಹಾವ ಇದು. ಹೇಳ್ರಿ."

ಅವನು ತಿರುಗಿದ. ಎಲ್ಲರೂ ಇವರನ್ನೇ ನೋಡುತ್ತಿದ್ದರು. ಅವನು ಇಂಗ್ಲಿಷಿನಲ್ಲಿ ಏನೋ ಹೇಳಿದ, ಹೇಳಿ ನಕ್ಕ. ಬಿಳಿಯರೆಲ್ಲ ಚಪ್ಪಾಳೆ ತಟ್ಟಿದರು. ವಿಷದ ಸುದ್ದಿ ಕೇಳಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಗಂಡ ಹೇಳಲಿಲ್ಲವೆಂದು ಗಂಗಾಬಾಯಿಗೆ ಆಗಲೇ ತಿಳಿಯಿತು. ತನ್ನ ಮಾತು ಆ ಜನಕ್ಕೆ ಮುಟ್ಟಲು ಇರುವುದು ಅವನ ಬಾಯಿ ಒಂದೇ, ಆ ಬಾಯಿ ಮುಚ್ಚಿಹೋಗಿತ್ತು.

ದೊರೆಸಾನಿ ನಗುತ್ತ ಕೇಕು ಕೊಯ್ದು, ಮೊದಲ ತುಂಡನ್ನು ಪಿಂಗಾಣಿ ತಟ್ಟೆಯಲ್ಲಿಟ್ಟು ಗಂಗಾಬಾಯಿಯ ಮುಂದೆ ಹಿಡಿದಳು. ಮಾಡಿದವಳಿಗೆ ಮರ್ಯಾದೆ. ಬೇರೆ ದಿನವಾಗಿದ್ದರೆ ಆ ತಟ್ಟೆಯನ್ನು ನೋಡಿಯೇ ಅವಳು ಎರಡು ಮಾರು ಹಿಂದೆ ಸರಿಯುತ್ತಿದ್ದಳು. ಇವತ್ತು ಮಡಿ ಮೈಲಿಗೆ ನೆನಪಿಗೇ ಬರಲಿಲ್ಲ. ಕಿಲುಬಿಳಿದಿದ್ದರೆ ಕನರು ರುಚಿ ಗೊತ್ತಾಗುತ್ತದೆ, ತನ್ನ ನಾಲಿಗೆ ಎಂದೂ ಸುಳ್ಳು ಹೇಳಿಲ್ಲ. ಕಪ್ಪು ಭಾಗವನ್ನೇ ಮುರಿದು ಬಾಯಿಗಿಟ್ಟಳು.

ಕಹಿ. ಸಿಹಿಯ ಹಿಂದೆ ಒಂದು ಕಹಿ. ಅದು ಕೋಕೋದ ಕಹಿಯೋ ಕಿಲುಬಿನ ಕನರೋ ಅವಳಿಗೆ ತಿಳಿಯಲಿಲ್ಲ. ಕೋಕೋ ಹೇಗಿರುತ್ತದೆಂದು ಗೊತ್ತಿದ್ದರೆ ತಾನೆ ತಿಳಿಯುವುದು? ಇನ್ನೊಂದು ತುಂಡು ತಿಂದಳು, ಮತ್ತೊಂದು ತಿಂದಳು. ತಟ್ಟೆ ಬರಿದಾಯಿತು. ಇಷ್ಟು ವರ್ಷ ನಂಬಿದ ನಾಲಿಗೆ ಕೈಕೊಟ್ಟಿತ್ತು. ಅಷ್ಟರಲ್ಲಿ ದೊರೆಸಾನಿ ಎರಡನೆಯ ತುಂಡನ್ನು ಮಗಳ ಕಡೆ ಚಾಚಿದಳು. ಹುಡುಗಿ ಬಾಯಿ ತೆರೆದಳು.

ಗಂಗಾಬಾಯಿ ಆ ತುಂಡನ್ನು ಕೈಯಿಂದ ಹೊಡೆದು ಬೀಳಿಸಿದಳು. ಆಮೇಲೆ ಇಡೀ ಕೇಕನ್ನು ತಟ್ಟೆ ಸಮೇತ ಎತ್ತಿ ಜಗಲಿಯಿಂದ ಕೆಳಗೆ, ಕೆಮ್ಮಣ್ಣಿಗೆ ಕವುಚಿದಳು. ಅಷ್ಟಕ್ಕೂ ಸಮಾಧಾನವಾಗದೆ ಇಳಿದು ಹೋಗಿ ಕಾಲಿನಿಂದ ತುಳಿದು ಮಣ್ಣು ಮಾಡಿದಳು. ಹುಡುಗಿ ಕಿಟಾರನೆ ಕಿರುಚಿ ಅತ್ತಳು. ದೊರೆ ಕೂಗಿದ ಒಂದೇ ಮಾತಿಗೆ ಭಾಷೆ ಬೇಕಿರಲಿಲ್ಲ, ಕೈ ಗೇಟಿನ ಕಡೆ ತೋರಿಸುತ್ತಿತ್ತು.

ಜಟಕಾದಲ್ಲಿ ವೆಂಕೋಬರಾಯ ತಲೆ ಚಚ್ಚಿಕೊಂಡ. ನೌಕರಿ ಹೋಯಿತೆಂದ, ಮಾನ ಹೋಯಿತೆಂದ, ಅವರ ತಟ್ಟೆಯಲ್ಲಿ ತಿಂದು ಜಾತಿಯೂ ಹೋಯಿತೆಂದ. ಈಗ ಗಂಗಾಬಾಯಿಯನ್ನು ಹಿಂಡುತ್ತಿದ್ದುದು ಇನ್ನೊಂದೇ ಭಯ. ಅದು ಬರಿಯ ಕೋಕೋದ ಕಹಿಯಾಗಿದ್ದರೆ? ಏನೂ ಆಗದ ಕೇಕನ್ನು ತುಳಿದು, ಒಂದು ಮಗುವನ್ನು ಹುಟ್ಟುಹಬ್ಬದ ದಿನ ಅಳಿಸಿ, ಗಂಡನ ಅನ್ನ ಕಳೆದಿದ್ದರೆ? ಆ ಪಾಪವನ್ನು ಯಾವ ಪ್ರದಕ್ಷಿಣೆ ಕಳೆದೀತು?

ಊರ ಮೊದಲ ಮನೆಗಳು ಕಾಣುವಾಗ ಹೊಟ್ಟೆಯಲ್ಲಿ ಏನೋ ತಿರುಚಿತು. ಹಣೆಯಲ್ಲಿ ತಣ್ಣನೆಯ ಬೆವರು ಒಡೆಯಿತು. ಜಟಕಾ ನಿಲ್ಲಿಸಲು ಹೇಳಿ, ಇಳಿದು, ರಸ್ತೆಯ ಬದಿಯ ಬೇವಿನ ಮರ ಹಿಡಿದು ವಾಂತಿ ಮಾಡಿದಳು. ಒಂದು ಸಲ, ಎರಡು ಸಲ, ಮೂರು ಸಲ. ಕರುಳು ಕಿತ್ತುಬರುವ ಹಾಗೆ. ಮೂರನೆಯ ಸಲ ಮುಗಿದಾಗ ನೆಲಕ್ಕೆ ಕೂತಳು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿತ್ತು, ಮುಖದಲ್ಲಿ ಮಾತ್ರ ಅಂಥ ನೆಮ್ಮದಿಯನ್ನು ವೆಂಕೋಬರಾಯ ಹದಿನಾರು ವರ್ಷದಲ್ಲಿ ನೋಡಿರಲಿಲ್ಲ.

"ನೋಡ್ರಿ," ಎಂದಳು, ಗೆದ್ದವಳ ಹಾಗೆ. "ಇಳದಿತ್ತು."

ವೆಂಕೋಬರಾಯ ಕೆಳಗೆ ಬಿದ್ದದ್ದನ್ನು ನೋಡಿದ, ಹೆಂಡತಿಯ ಮುಖವನ್ನು ನೋಡಿದ. ಪಕ್ಕದಲ್ಲಿ ಕೂತು ಅವಳ ಹಣೆ ಹಿಡಿದುಕೊಂಡ. ಆಮೇಲೆ ಎದ್ದು, ಅವಳನ್ನು ವೈದ್ಯರಲ್ಲಿಗೆ ಕರೆದೊಯ್ಯಲು ಜಟಕಾದವನಿಗೆ ಹೇಳಿ, ಪಂಚೆ ಕೊಡವಿಕೊಂಡು ಬಂದ ದಾರಿಯಲ್ಲೇ ತಿರುಗಿ ನಿಂತ.

"ಎಲ್ಲಿಗ್ರಿ?"

"ಬಂಗಲೆಗೆ."

"ಏನ್ ಹೇಳ್ತೀರಿ?"

"ನೀ ಹೇಳು ಅಂದಿದ್ಯಲ್ಲ, ಅದನ್ನ," ಎಂದು ವೆಂಕೋಬರಾಯ ಧೂಳಿನಲ್ಲಿ ನಡೆದು ಹೋದ.