ಗಂಗವ್ವನಿಗೆ ತೋರಿಸಿದ ಜಾಗ

ಗಂಗವ್ವನಿಗೆ ಅವಳ ಕೂಸನ್ನು ಹೂಳಿದ ಜಾಗ ಇದೇ ಎಂದು ನಾನು ತೋರಿಸಿದ್ದು ಸುಳ್ಳು. ನಿಜವಾದ ಜಾಗ ಎಲ್ಲಿತ್ತೋ ನನಗೆ ಆಗಲೂ ಗೊತ್ತಿರಲಿಲ್ಲ — ಈಗಲೂ ಗೊತ್ತಿಲ್ಲ.

ತೊಂಬತ್ತರ ದಶಕದ ಕೊನೆ. ಹುಕ್ಕೇರಿಯವನಾದ ನಾನು ತುಕ್ಕಾನಟ್ಟಿಯ ಹತ್ತಿರ ಹಳ್ಳದ ದಂಡೆಯ ಕೆಲಸಕ್ಕೆ ಸೂಪರ್‌ವೈಸರ್ ಆಗಿದ್ದೆ. ಪ್ರತಿ ಮಳೆಗಾಲದಲ್ಲೂ ಹಳ್ಳವು ಹೊಲಗಳ ಮಣ್ಣು ಕೊರೆಯುತ್ತಿತ್ತು. ಅದನ್ನು ತಡೆಯಲು ಇಳಿಜಾರಿಗೆ ಕಾಂಕ್ರೀಟಿನ ಚಾಪೆ ಹೊದಿಸುತ್ತಿದ್ದೆವು. ಸಣ್ಣ ಸಣ್ಣ ಬಿಲ್ಲೆಗಳನ್ನು ಹಗ್ಗಕ್ಕೆ ಪೋಣಿಸಿದ್ದು. ನೆಲ ಬಾಗಿದ ಹಾಗೆ ಬಾಗುತ್ತದೆ, ಸಂದಿನಲ್ಲಿ ಹುಲ್ಲು ಬೆಳೆಯುತ್ತದೆ.

ಗಂಗವ್ವನ ಹೊಲ ಆ ದಂಡೆಗೇ ಇತ್ತು. ಒಂದು ಮಧ್ಯಾಹ್ನ ಬಂದು, ಇಳಿಜಾರಿನಲ್ಲಿ ನೆಟ್ಟಿದ್ದ ಕಲ್ಲೊಂದನ್ನು ತೋರಿಸಿದಳು.

"ತಮ್ಮಾ, ಅದರ ಬುಡಕ ನನ್ನ ಕೂಸು ಐತಿ. ಅಷ್ಟು ಜಾಗಾ ಬಿಟ್ಟು ಹಾಸಪಾ. ನಾ ತವರಮನಿಗೆ ಹೊಂಟೇನಿ."

"ಬಿಡ್ತೇವಿ ಅಕ್ಕಾ, ಚಿಂತಿ ಮಾಡಬ್ಯಾಡ್ರಿ," ಎಂದೆ.

ಬಿಡಲಿಲ್ಲ. ಚಾಪೆ ಎತ್ತಿ ಹಾಸುವ ಕ್ರೇನು ಮರುದಿನ ಬೇರೆ ಕಡೆ ಹೋಗುವುದಿತ್ತು, ಕಲ್ಲಿದ್ದಲ್ಲಿ ಚಾಪೆ ಕೂರುತ್ತಿರಲಿಲ್ಲ — ಆ ಕಲ್ಲನ್ನು ನಾನೇ ಕಿತ್ತು ಹಳ್ಳಕ್ಕೆ ಎಸೆದೆ. ಜಾಗ ನೆನಪಿರುತ್ತದೆ ಅಂದುಕೊಂಡೆ. ಚಾಪೆ ಹಾಸಿ ಮುಗಿದಾಗ ಇಡೀ ದಂಡೆ ಒಂದೇ ತರಹ ಕಂಡಿತು.

ಅವಳು ತವರಿನಿಂದ ಬಂದವಳೇ, ಗಂಟನ್ನೂ ಇಳಿಸದೆ ಕೇಳಿದಳು. "ಎಲ್ಲೈತಿ, ತಮ್ಮಾ?"

ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಆ ಮುಖ — ನನ್ನ ಬೆರಳು ತಾನಾಗಿ ಎದ್ದಿತು ಅನ್ನಲಾರೆ; ನಾನೇ ಎತ್ತಿದೆ. "ಇಲ್ಲೇ ನೋಡ್ರಿ."

ಅವಳು ಕುಳಿತು ಆ ಬಿಲ್ಲೆಗಳ ಮೇಲೆ ಅಂಗೈ ಇಟ್ಟಳು, ಮಲಗಿದ ಮಗುವಿನ ಬೆನ್ನ ಮೇಲೆ ಇಡುವ ಹಾಗೆ. ಮುಂದೆ ಅಲ್ಲಿ ಚೆಂಡುಹೂವಿನ ಬೀಜ ಹಾಕಿದಳು, ದಿನಾ ನೀರು ಹನಿಸಿದಳು. ಗೋಕಾಕ, ಮೂಡಲಗಿ ಅಂತ ಎಲ್ಲಿ ಕೆಲಸವಿದ್ದರೂ ನಾನು ಅವಳ ಮನೆಗೆ ಹೋಗಿ ರೊಟ್ಟಿ ತಿಂದು ಬರುತ್ತಿದ್ದೆ. ನನಗೆ ಒಡಹುಟ್ಟಿದವರಿಲ್ಲ. ಅಲ್ಲಿಗೆ ಹೋಗುವುದನ್ನು ಬಿಡಲಾಗಲಿಲ್ಲ. ಅವಳಿಗೆ ನಿಜ ಹೇಳಿಬಿಟ್ಟರೆ ಮತ್ತೆ ಹೋಗುವ ಹಾಗಿರಲಿಲ್ಲ.

ವರ್ಷಗಳ ಮೇಲೆ ಅವಳು ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿದಳು. "ನಾ ಹ್ವಾದಮ್ಯಾಲೆ ಹೊಲದಾಗ, ಕೂಸಿನ ಬಾಜೂಕ ಮಣ್ಣ ಮಾಡ್ರಿ ಅಂತ ಮಗಳಿಗೆ ಹೇಳೇನಿ. ಜಾಗಾ ನೀನ ತೋರಿಸಬೇಕು."

"ಅಕ್ಕಾ — ಖರೆ ಜಾಗಾ ನನಗ ಗೊತ್ತಿಲ್ಲರಿ," ಎಂದು ಎಲ್ಲವನ್ನೂ ಹೇಳಿದೆ.

ಅವಳು ಅಳಲಿಲ್ಲ, ಬೈಯಲಿಲ್ಲ. ಇಷ್ಟೇ ಅಂದಳು: "ಅವತ್ತ ಹೇಳಿದ್ರ ನಾನ ಹುಡುಕ್ತಿದ್ನಲ್ಲೋ."



ಅವಳ ಮಣ್ಣಿಗೆ ಹೋಗಿದ್ದೆ. ಹೊಲದ ಎತ್ತರದ ಮೂಲೆಯಲ್ಲಿ ಕುಣಿ ತೋಡಿದ್ದರು. "ಇಡೀ ದಂಡಿ ಕಾಣೂ ಜಾಗಾದಾಗ ಇಡ್ರಿ ಅಂದಿದ್ಲರಿ ಅವ್ವ," ಎಂದಳು ಮಗಳು. ಸಾಯುವ ಮುನ್ನ ನನ್ನ ಬಗ್ಗೆ ಏನಾದರೂ ಅಂದಳೇ ಎಂಬ ಮಾತು ನನ್ನ ತುಟಿಯವರೆಗೆ ಬಂತು. ಕೇಳಲಿಲ್ಲ.