ಅಡ್ಡಗಾಲು

ನಮ್ಮ ಭಾವನನ್ನು ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಗಂಟಣ್ಣ ಅನ್ನುತ್ತಿದ್ದರು. ಬಸ್ಸಿನ ಟಾಪಿನ ಮೇಲೆ ಅವರು ಹಾಕಿದ ಗಂಟು ದಾರಿಯಲ್ಲಿ ಸಡಿಲವಾದದ್ದನ್ನು ಯಾರೂ ಕಂಡಿರಲಿಲ್ಲ. ಅವರ ಮುಖದ ಗಂಟು ಸಡಿಲವಾದದ್ದನ್ನೂ ಯಾರೂ ಕಂಡಿರಲಿಲ್ಲ. ಇಂಥವರ ಜೊತೆ ಅಕ್ಕ ಹೇಗೆ ಬಾಳುತ್ತಾಳೋ ಅಂತ ನಾನು ಮೊದಮೊದಲು ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ನೋಡಿದರೆ ಇಬ್ಬರಿಗೂ ಹೆಚ್ಚು ಮಾತೇ ಬೇಕಿರಲಿಲ್ಲ. ಜಗಳವನ್ನು ಕೂಡ ಪಾತ್ರೆ ಕುಕ್ಕುವ ಸದ್ದಿನಲ್ಲೇ ಮುಗಿಸಿಬಿಡುತ್ತಿದ್ದರು. ಭಾವನ ಬಾಯಲ್ಲಿ ‘ಬಾರೇ’, ‘ಕೊಡೇ’ ಅನ್ನುವುದು ಅಕ್ಕನೊಬ್ಬಳಿಗೇ. ನಾದಿನಿಯಾದರೂ ನಾನು ಯಾವಾಗಲೂ ‘ಏನಮ್ಮ’, ‘ಬಾಮ್ಮ’.

ಅವರದು ಹಮಾಲಿ ಕೆಲಸ, ಅದರಲ್ಲೂ ಸೈಕಲ್ ಏರಿಸುವುದು. ಗುಡ್ಡದ ಆಚೆಯ ಪಟ್ಟಣಕ್ಕೆ ಹೋಗುವ ಬೆಳಗಿನ ಬಸ್ಸಿಗೆ ಗಿರಣಿ ಕೆಲಸದವರು, ಬಣ್ಣ ಬಳಿಯುವವರು, ಚಾಕು ಸಾಣೆ ಹಿಡಿಯುವವನು, ಎಲ್ಲರೂ ಸೈಕಲ್ ಸಮೇತ ಬರುತ್ತಿದ್ದರು. ಗುಡ್ಡವನ್ನು ತುಳಿದು ಹತ್ತಲಿಕ್ಕಾಗದು, ಪಟ್ಟಣದಲ್ಲಿ ಸೈಕಲ್ ಇಲ್ಲದೆ ಕೆಲಸ ಸಾಗದು. ಭಾವ ಒಂದು ಕೈಯಲ್ಲಿ ಏಣಿ, ಇನ್ನೊಂದು ಕೈಯಲ್ಲಿ ಸೈಕಲ್ ಹಿಡಿದು ಮೇಲೆ ಹತ್ತುತ್ತಿದ್ದರು. ಹ್ಯಾಂಡಲ್ ತಿರುಗಿಸಿ, ಒಂದರ ತಲೆಗೆ ಇನ್ನೊಂದರ ಬಾಲ ಸೇರಿಸಿ, ಒಂದರ ಪೆಡಲು ಇನ್ನೊಂದರ ಕಡ್ಡಿಗೆ ತಾಗದ ಹಾಗೆ ನಡುವೆ ಹಳೇ ಗೋಣಿ ತುರುಕಿ ಬಿಗಿಯುತ್ತಿದ್ದರು. ಕೆಳಗಿನಿಂದ ಯಾರಾದರೂ “ಗಂಟಣ್ಣ, ಸ್ವಲ್ಪ ಹುಷಾರು” ಅಂದರೆ, “ನೀನೂ ಬಾ ಮೇಲೆ, ನಿನ್ನನ್ನೂ ಕಟ್ಟಿಬಿಡ್ತೀನಿ” ಅನ್ನುತ್ತಿದ್ದರು. ಅವರಿಗೆ ಬರುತ್ತಿದ್ದ ತಮಾಷೆ ಅದೊಂದೇ. ನಾನು ಅದೇ ಸ್ಟ್ಯಾಂಡಿನಲ್ಲಿ ಟೀ ಮಾರುವವಳು. ನಾನು ಟೀ ಕಾಯಿಸಿದ್ದಕ್ಕಿಂತ ಹೆಚ್ಚು ಸಲ ಅವರು ಆ ತಮಾಷೆ ಕಾಯಿಸಿದ್ದಾರೆ.

ಕಾಯಿಲೆ ಮೊದಲು ಬೆರಳಿಗೆ ಬಂತು. ಹಗ್ಗ ಹಿಡಿದ ಬೆರಳು ತಾನಾಗೇ ಕುಣಿಯುತ್ತಿತ್ತು. ಒಂದು ಬೆಳಿಗ್ಗೆ ತಾವು ಹಾಕಿದ ಗಂಟನ್ನು ತಾವೇ ಎಳೆದು ನೋಡಿದರು. ಬಿಚ್ಚಿಕೊಂಡಿತು. ಬೇರೆ ಯಾರೂ ನೋಡಿರಲಿಲ್ಲ. ಮತ್ತೊಬ್ಬ ಹಮಾಲಿಯನ್ನು ಕರೆದು ಆ ಸೈಕಲ್‌ಗಳನ್ನು ಕಟ್ಟಿಸಿದರು, ಕೆಳಗಿಳಿದು ತಮ್ಮ ಹಗ್ಗ ಸುತ್ತಿ ಅವನಿಗೇ ಕೊಟ್ಟು ಮನೆಗೆ ಹೋದರು. ಮತ್ತೆ ಟಾಪ್ ಹತ್ತಲಿಲ್ಲ.

ಆಮೇಲೆ ಅದು ಕಾಲಿಗೆ ಇಳಿಯಿತು. ನಡೆಯುತ್ತಾ ನಡೆಯುತ್ತಾ ಥಟ್ಟನೆ ನಿಂತುಬಿಡುವುದು, ಅಂಗಾಲಿಗೆ ಅಂಟು ಹಚ್ಚಿದ ಹಾಗೆ. ಬಾಗಿಲು ಬಂದರಂತೂ ಮುಗಿಯಿತು, ಹೊಸ್ತಿಲ ಈಚೆಗೇ ಕಂಬ. ವಿಚಿತ್ರವೆಂದರೆ ಮೆಟ್ಟಿಲು ಹತ್ತುತ್ತಿದ್ದರು. ಸೈಕಲ್ ಮೇಲೆ ಕೂತರೆ ಎಂದಿನ ಗಂಟಣ್ಣನೇ. ಈ ಕಾಯಿಲೆಯಲ್ಲಿ ಹೀಗೂ ಆಗುತ್ತದೆ ಅಂತ ಡಾಕ್ಟರು ಹೇಳಿದರು. ಊರು ಡಾಕ್ಟರ ಮಾತು ಕೇಳುತ್ತದೆಯೇ? “ತುಳಿಯೋಕೆ ಆಗತ್ತಂತೆ, ನಡೆಯೋಕೆ ಆಗಲ್ವಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!” ಅಂತ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತೇ ಆಡಿಕೊಂಡರು. ಅಂಥವರಿಗೆ ನಾನು ಟೀ ನಿಲ್ಲಿಸಿದೆ. ವ್ಯಾಪಾರ ಬಿಡಲಾದೀತೇ, ಆಮೇಲೆ ನೀರು ಹೆಚ್ಚು ಹಾಕಿ ಕೊಟ್ಟೆ.

ಉಪಾಯ ಕಂಡುಹಿಡಿದವಳು ಅಕ್ಕ, ಅದೂ ಸಿಟ್ಟಿನಲ್ಲಿ. ಭಾವ ಅಡುಗೆಮನೆ ಬಾಗಿಲಲ್ಲಿ ನಿಂತುಬಿಟ್ಟಿದ್ದರು. ಅವಳ ಕೈಯಲ್ಲಿ ಕುದಿಯುವ ನೀರಿನ ಪಾತ್ರೆ. “ಸರೀರಿ ಆಚೆಗೆ” ಅಂತ ಕಾಲಿಂದ ಅವರ ಪಾದ ತಳ್ಳಲು ಹೋದಳು. ಅವಳ ಪಾದ ಅವರ ಪಾದದ ಮುಂದೆ ಅಡ್ಡ ಬಂತು. ಭಾವ ಅದನ್ನು ದಾಟಿ ಸಲೀಸಾಗಿ ನಡೆದುಹೋದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಅಂದಿನಿಂದ ಅದೇ ಅಭ್ಯಾಸ. ನಿಂತುಬಿಟ್ಟರೆ ಭಾವ ನೆಲ ನೋಡುತ್ತಾ “ಕಾಲು ಹಾಕೇ” ಅನ್ನುವುದು, ಅಕ್ಕ ಎಲ್ಲಿದ್ದರೂ ಬಂದು ಒಂದು ಪಾದ ಅಡ್ಡ ಇಡುವುದು. ಪಕ್ಕದ ಮನೆಯವಳು ನೋಡಿ, “ಕಾಯಿಲೆ ಗಂಡನಿಗೇ ಅಡ್ಡಗಾಲು ಹಾಕ್ತೀಯಲ್ಲೇ” ಅಂದಳು. “ನೀವೆಲ್ಲ ಅಡ್ಡಗಾಲು ಹಾಕೋದು ಬೀಳಿಸೋಕೆ. ನಾನು ಹಾಕೋದು ನಡೆಸೋಕೆ. ಏನೀಗ?” ಅಂದಳು ಅಕ್ಕ. ನಮ್ಮಕ್ಕನ ಬಾಯಿ ನನಗಿಂತ ಜೋರು.

ಅಂಥವಳು ಹೊಟ್ಟೆನೋವು ಅಂತ ಗುಡ್ಡದಾಚೆಯ ಆಸ್ಪತ್ರೆ ಸೇರಿದಳು. ನಾನು ಅಂಗಡಿ ಮುಚ್ಚಿ ಅವಳ ಜೊತೆಗಿದ್ದೆ. ಭಾವ ದಿನಾ ಬರುತ್ತಿದ್ದರು, ಸೈಕಲ್ ಟಾಪಿನ ಮೇಲೆ ಹಾಕಿಸಿಕೊಂಡು. ಬಸ್ಸಿಳಿದು ಆಸ್ಪತ್ರೆಗೆ ಬರುವುದು ಮಾರುಕಟ್ಟೆಯ ಬೀದಿಯಲ್ಲಿ. ಬೆಳಗಿನ ಹೊತ್ತು ಅಲ್ಲಿ ಆಟೋ ನುಗ್ಗುವುದಿಲ್ಲ, ಸೈಕಲ್ ನುಗ್ಗುತ್ತದೆ. ಆಸ್ಪತ್ರೆಯ ಮೆಟ್ಟಿಲ ತನಕ ತುಳಿಯುತ್ತಿದ್ದರು. ಸೈಕಲ್ ಗಂಟೆಯ ಸದ್ದು ಕೇಳಿದರೆ ಅಕ್ಕ ಗೋಡೆ ಹಿಡಿದುಕೊಂಡು ಹೋಗಿ ಅವರನ್ನು ಒಳಗೆ ಕರೆತರುತ್ತಿದ್ದಳು. ನಾನು ಏಳಲು ಹೋದರೆ “ಕೂತ್ಕೋ, ನಿನಗೆ ಬರಲ್ಲ ಅದು” ಅನ್ನುತ್ತಿದ್ದಳು.

ಅಷ್ಟರಲ್ಲಿ ಬಸ್ಸು ಬದಲಾಯಿತು. ಹೊಸದು ಎತ್ತರದ್ದು, ಗಾಜಿನದ್ದು. ಟಾಪಿಲ್ಲ, ಏಣಿಯಿಲ್ಲ, ಹೊಟ್ಟೆಯಲ್ಲಿ ಡಿಕ್ಕಿ. ಕಂಡಕ್ಟರ್ ಕೆಟ್ಟವನಲ್ಲ, ಆದರೆ ಅವನಿಗೆ ಮೇಲಿನವರ ಅಪ್ಪಣೆ. “ಇಡೀ ಸೈಕಲ್ ಹಾಕೋ ಹಾಗಿಲ್ಲ ಯಜಮಾನ್ರೇ. ಬಿಚ್ಚಿ ಮೂಟೆ ಕಟ್ಟಿ ತನ್ನಿ, ಮೂಟೆಗೆ ಬೇಡ ಅನ್ನಲ್ಲ.”

“ಸೈಕಲ್ ಅಲ್ಲಪ್ಪ ಇದು, ನನ್ನ ಕಾಲು” ಅಂದರಂತೆ ಭಾವ.

“ಕಾಲಾದ್ರೆ ಸೀಟಲ್ಲಿ ಕೂರಿಸಿ, ಟಿಕೆಟ್ ಹರೀತೀನಿ.” ಬಸ್ಸೆಲ್ಲ ನಕ್ಕಿತು. ಜೀವಮಾನವೆಲ್ಲ ಊರವರ ಸೈಕಲ್ ಏರಿಸಿದ ಮನುಷ್ಯ ತಮ್ಮ ಸೈಕಲ್ಲನ್ನು ತಿರುಗಿಸಿಕೊಂಡು ಮನೆಗೆ ಹೋದರು. ಮರುದಿನವೂ ಬರಲಿಲ್ಲ. ಅಂದೇ ಅಕ್ಕ ಏಳಲಾರದೆ ಹಾಸಿಗೆ ಹಿಡಿದಳು. ನೀರು ಕೂಡ ಚಮಚದಲ್ಲಿ. ಡಾಕ್ಟರು ನನ್ನನ್ನು ಆಚೆ ಕರೆದು, ಹೇಳಬೇಕಾದವರಿಗೆ ಹೇಳಿಬಿಡಿ ಅಂದರು. ನಾನು ಭಾವನಿಗೆ ಫೋನ್ ಮಾಡಿ, “ಇನ್ನು ತಡ ಮಾಡಬೇಡಿ, ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಬನ್ನಿ” ಅಂದೆ. ಇನ್ನೊಬ್ಬರ ಕೈ ಹಿಡಿದು ಬರುವ ಪೈಕಿಯೇ ಅವರು?

ಮುಂದಿನದನ್ನು ಬಸ್ ಇಳಿಯುವ ಜಾಗದಲ್ಲಿ ಕೂರುವ ಹಣ್ಣಿನವಳು ನನಗೆ ಆಮೇಲೆ ಹೇಳಿದಳು. ಭಾವ ಮುಂದಿನ ಗಾಲಿ ಬಿಚ್ಚಿಸಿ, ಸೈಕಲ್ಲನ್ನು ಗೋಣಿಯಲ್ಲಿ ಸುತ್ತಿಸಿ ತಂದಿದ್ದರು. ಇಳಿದ ಮೇಲೆ ಗಾಲಿ ಜೋಡಿಸಬೇಕಲ್ಲ? ನಟ್ಟು ತಿರುಗಿಸಲು ಆ ಬೆರಳು ಎಲ್ಲಿ ಬಿಟ್ಟೀತು. ಜಾರಿದ ನಟ್ಟು ಚರಂಡಿಯ ಚಪ್ಪಡಿ ಸಂದಿಗೆ ಬಿತ್ತು. ಮಂಡಿಯೂರಿ ಕಡ್ಡಿ ಹಾಕಿ ಕೆದಕಿದರಂತೆ. “ಬೆಳಗ್ಗೆಬೆಳಗ್ಗೆನೇ ಏರಿಸಿದ್ದಾನೆ ಅಂದ್ಕೊಂಡೆ ಕಣಮ್ಮ” ಅಂದಳು ಹಣ್ಣಿನವಳು. ಆಮೇಲೆ ಭಾವ ಸೈಕಲ್ಲನ್ನು ಗೋಡೆಗೆ ಒರಗಿಸಿಟ್ಟು, ಬರೀ ಗಾಲಿ ಹಿಡಿದುಕೊಂಡರು. ಅದನ್ನು ನೆಲದ ಮೇಲೆ ಉರುಳಿಸುತ್ತಾ ಹಿಂದೆಯೇ ಹೊರಟರು. ಗಾಲಿ ಹೊರಟರೆ ಕಾಲೂ ಹೊರಡುತ್ತದೆ ಅಂತ ಹೇಗೆ ಹೊಳೆಯಿತೋ. ತಲೆ ನರೆತ ಮನುಷ್ಯ ತುಂಬಿದ ಮಾರುಕಟ್ಟೆಯಲ್ಲಿ ಗಾಲಿ ಉರುಳಿಸುತ್ತಾ ಬಂದರು. ಜನ ಶಿಳ್ಳೆ ಹೊಡೆದರಂತೆ. ಮುಖ ಗಂಟು ಹಾಕಿಕೊಂಡೇ ಬಂದರು.

ಆಸ್ಪತ್ರೆಯ ಮೆಟ್ಟಿಲನ್ನು ಗಾಲಿ ಹೊತ್ತುಕೊಂಡು ಹತ್ತಿದರು. ವಾರ್ಡಿನ ಬಾಗಿಲ ತನಕ ಉರುಳಿಸಿಕೊಂಡು ಬಂದರು. ಅಲ್ಲಿ ಆಯಾ, “ಇದೇನು ಆಸ್ಪತ್ರೆನಾ ಗ್ಯಾರೇಜಾ?” ಅಂತ ಗಾಲಿಯನ್ನು ಕೈಯಿಂದ ಕಿತ್ತುಕೊಂಡು ಗೋಡೆ ಮೂಲೆಗೆ ಇಟ್ಟಳು. ಭಾವ ಹೊಸ್ತಿಲ ಆಚೆ ಕಂಬವಾದರು.

ನನಗೆ ಇದೊಂದೂ ಕಾಣಲಿಲ್ಲ, ಬಾಗಿಲಿಗೆ ಬೆನ್ನು ಹಾಕಿ ಅಕ್ಕನ ತುಟಿ ಒದ್ದೆ ಮಾಡುತ್ತಿದ್ದೆ. ಕಂಡದ್ದು ಅಕ್ಕನಿಗೆ. ಅವಳ ಪಾದವೊಂದು ಹೊದಿಕೆಯಿಂದ ಆಚೆ ಬಂದು ಮಂಚದ ಅಂಚಿನಲ್ಲಿ ಅಡ್ಡಕ್ಕೆ ಚಾಚಿತು. “ಥಂಡಿ ಆಗತ್ತೆ ಕಣಮ್ಮ” ಅಂತ ಸಿಸ್ಟರ್ ಒಳಗೆ ಸೇರಿಸಿದಳು. ಮತ್ತೆ ಬಂತು. ಸಿಸ್ಟರ್ ಮತ್ತೆ ಸೇರಿಸಿ, ಹೊದಿಕೆಯನ್ನು ಹಾಸಿಗೆ ಅಡಿಗೆ ಬಿಗಿಯಾಗಿ ಸಿಕ್ಕಿಸಿದಳು. ಹೊದಿಕೆಯೊಳಗೆ ಬೆರಳುಗಳು ಮಾತ್ರ ಆಡುತ್ತಿದ್ದವು. ಆಗ ನಾನು ಅವಳ ಕಣ್ಣು ಎಲ್ಲಿದೆ ಅಂತ ತಿರುಗಿ ನೋಡಿದೆ.

ಜನ ಭಾವನನ್ನು ತಳ್ಳಿಕೊಂಡು, ಬೈದುಕೊಂಡು ಓಡಾಡುತ್ತಿದ್ದರು. ಅವರು ಅಕ್ಕನ ಹೊದಿಕೆಯನ್ನೇ ನೋಡುತ್ತಾ ನಿಂತಿದ್ದರು. ಓಡಿದೆ, ಚಪ್ಪಲಿ ಬಿಟ್ಟು ಅವರ ಮುಂದೆ ಪಾದ ಅಡ್ಡ ಇಟ್ಟೆ. ಅವರು ಅದನ್ನು ಯಾರದೋ ಕಾಲು ಅನ್ನುವಂತೆ ನೋಡಿದರು.

“ನಾನೇ ಭಾವ. ದಾಟಿ. ದಾಟಿ ಬೇಗ.”

ದಾಟಿದರು. ನಾವು ಮಂಚದ ಹತ್ತಿರ ಬರುವ ಹೊತ್ತಿಗೆ ಸಿಸ್ಟರ್ ಅಕ್ಕನ ಕೈ ಹಿಡಿದುಕೊಂಡು ನಾಡಿ ನೋಡುತ್ತಿದ್ದಳು. ನಮ್ಮನ್ನು ನೋಡಿ ಕೈಯನ್ನು ಮೆಲ್ಲಗೆ ಕೆಳಗಿಟ್ಟಳು. ಬಿಗಿಯಾಗಿ ಸಿಕ್ಕಿಸಿದ ಹೊದಿಕೆ ಕಿತ್ತು ಬಂದು, ಪಾದ ಆಚೆಗಿತ್ತು.

ಭಾವ ಸ್ಟೂಲಿನ ಮೇಲೆ ಕೂತು ಆ ಪಾದವನ್ನು ಹಿಡಿದುಕೊಂಡರು. ಅವರ ಬೆರಳು ಕುಣಿದವು, ಅದರೊಡನೆ ಪಾದವೂ ಕುಣಿಯಿತು. ಅರೆಗಳಿಗೆ ನನಗೆ ಆಸೆ ಹುಟ್ಟಿತು.

ಆಯಾ ಬಂದು, “ಸ್ವಲ್ಪ ಆಚೆ ಹೋಗಿ, ಮುಂದಿನ ಕೆಲಸ ಆಗಬೇಕು” ಅಂದಳು. ಭಾವ ಎದ್ದರು. ಕಾಲು ಬರಲಿಲ್ಲ. ಆಯಾ ಇನ್ನೊಂದು ಸಲ ಹೇಳಿದಳು. ಅವರು ತಲೆ ಬಗ್ಗಿಸಿ ತಮ್ಮ ಪಾದದ ಮುಂದಿನ ನೆಲ ನೋಡುತ್ತಾ, ಮನೆಯಲ್ಲಿ ಅನ್ನುತ್ತಿದ್ದ ಹಾಗೇ ಅಂದರು:

“ಕಾಲು ಹಾಕೇ.”

ನನಗಾಗಿದ್ದರೆ ‘ಹಾಕಮ್ಮ’ ಅನ್ನುತ್ತಿದ್ದರು. ಆದರೂ ನಾನೇ ಹೋಗಿ ಹಾಕಿದೆ.