ಎಡಗೈ ಹೆಬ್ಬೆಟ್ಟು

ಬಲಗೈ ಹೆಬ್ಬೆಟ್ಟು ಒತ್ತಿದ ಔರಾದಿನ ಖಾಸಿಂಬಿ ಅಜ್ಜಿ, ಎಡಗೈ ಹೆಬ್ಬೆರಳನ್ನೂ ಮಸಿಗೆ ಅದ್ದಿದರು. ಬೀದರಿನ ಹಳೆಯ ರೈಲು ನಿಲ್ದಾಣವನ್ನು ಕೆಡವದೆ ರೈಲ್ವೆ ವಸ್ತುಸಂಗ್ರಹಾಲಯ ಮಾಡಿ ಎಂದು ನಾವು ಗೆಳೆಯರು ಅಲ್ಲಿ ಸಹಿ ಸಂಗ್ರಹಿಸುತ್ತಿದ್ದೆವು.

“ಒಬ್ಬರಿಗೆ ಒಂದೇ ರೀ ಅಮ್ಮಾ,” ಎಂದು ವಹಿಯನ್ನು ಎಳೆದುಕೊಂಡೆ.

“ಇದು ನಂದಲ್ಲ ಬೇಟಾ, ನನ್ನ ತಮ್ಮ ಯೂಸುಫಂದು. ಕಚೇರಿಯಾಗ ಗಂಡಸರದು ಎಡಗೈದೇ ತಗೋತಾರಲ್ಲ? ನಲವತ್ತೆಂಟರಾಗ, ಪೊಲೀಸ್ ಆಕ್ಷನ್ ಆದ ವರ್ಷ, ಊರು ಬಿಟ್ಟು ಹೈದರಾಬಾದಿಗೆ ಓಡಿ ಹೋಗೂವಾಗ, ಇಲ್ಲೇ ಗಾಡಿ ಏರೂ ಗದ್ದಲದಾಗ ಅವನ ಕೈ ಬಿಟ್ಟೆ. ಗಾಡಿ ಹೊಂಟೇಬಿಡ್ತು. ಮತ್ತ ಸಿಗಲಿಲ್ಲ. ಯಾವ ಕಾಗದದಾಗೂ ಅವನ ಹೆಸರಿಲ್ಲ. ನಿಮ್ಮ ವಹಿಯಾಗರೆ ಇರಲಿ.”

ನಾನು ವಹಿಯನ್ನು ಮತ್ತೆ ಅವರ ಮುಂದೆ ಇಟ್ಟೆ. ಅವರು ಒತ್ತಿದರು. ಹೆಸರು ಬರೆದು, “ವಯಸ್ಸು?” ಎಂದೆ.

“ಐದು ಬರಕೊ.”

ಐದು ಎಂದೇ ಬರೆದೆ.

ಅಂದು ಬಂದವರು ಅರವತ್ತೆರಡು ಜನ, ಸಹಿ ಅರವತ್ತಮೂರು. ನನ್ನ ದಿನಚರಿಯಲ್ಲೂ ಆ ಲೆಕ್ಕವನ್ನು ತಿದ್ದಿಲ್ಲ. ಎಲ್ಲವನ್ನೂ ಕೇಳಿ ಬರೆದುಕೊಳ್ಳುವ ನಾನು, ಕೈ ಬಿಟ್ಟದ್ದು ಪ್ಲಾಟ್‌ಫಾರ್ಮಿನ ಯಾವ ಜಾಗದಲ್ಲಿ ಎಂದು ಅಜ್ಜಿಯನ್ನು ಕೇಳಲೇ ಇಲ್ಲ. ಈಗ ಹೋಗಿ ಕೇಳೋಣವೆಂದರೆ ಅವರ ಊರು ಗೊತ್ತು, ಮನೆ ಗೊತ್ತಿಲ್ಲ.